ಅಬಿಸ್ಕೊ–ನಿಕ್ಕಲುವೊಕ್ತಾ ಸ್ಕೀ ಚಾರಣ: ಐದು ದಿನದ ಪ್ಲ್ಯಾನ್ ಕೂಡ್ತಿಲ್ಲ, ಸ್ಕೀ ತಳದ ಸ್ಕಿನ್ ಬೇರೆ ಕಿತ್ತು ಬರ್ತಿದೆ

ಗಿರಿಚಾರಿ (ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಾವು ನಾಲ್ಕು ಜನ. ಮೂವರು ಬೆಂಗಳೂರಿನವರು, ಇನ್ನೊಬ್ಬ ಉಪ್ಸಾಲಾದಲ್ಲಿ ಓದ್ತಿರೋ ನನ್ನ ತಮ್ಮ. ಸ್ವೀಡನ್‌ನ ಕುಂಗ್ಸ್‌ಲೇಡನ್ ಹಾದಿಯಲ್ಲಿ ಅಬಿಸ್ಕೊದಿಂದ ನಿಕ್ಕಲುವೊಕ್ತಾವರೆಗೆ ಸ್ಕೀ ಮೇಲೆ ಹೋಗಬೇಕು ಅಂತಿದೀವಿ. ಫೆಬ್ರವರಿ ಕೊನೇ ವಾರ, ಐದು ದಿನ. ಐದನೇ ದಿನ ಸಂಜೆ ಕಿರುನಾದಿಂದ ವಿಮಾನ. ಗುಲ್ಮಾರ್ಗ್‌ನಲ್ಲಿ ಬೇಸಿಕ್ ಕೋರ್ಸ್ ಆಗಿದೆ, ಅಷ್ಟೇ.

ಹೇಗೆ ಲೆಕ್ಕ ಹಾಕಿದ್ರೂ ಒಂದು ದಿನ 25 ಕಿ.ಮೀ. ಬೀಳ್ತಿದೆ. ಅದರ ಮೇಲೆ, ತಮ್ಮ ಪಿನ್ ಬೈಂಡಿಂಗ್ (ಬೂಟನ್ನ ಪಿನ್‌ಗಳಿಂದ ಹಿಡಿಯೋ ಕೊಂಡಿ) ಇರೋ ಟೂರಿಂಗ್ ಸ್ಕೀ, ಪ್ಲಾಸ್ಟಿಕ್ ಬೂಟು ಬಾಡಿಗೆಗೆ ತಂದು ಊರಾಚೆ ಸಮತಟ್ಟು ಜಾಗದಲ್ಲಿ ಟ್ರಯಲ್ ನೋಡಿದ. ಹಿಮ್ಮಡಿ ತುಂಬ ಬೊಬ್ಬೆ, ಸ್ಕಿನ್‌ನ (ಏರು ಹತ್ತುವಾಗ ಜಾರದ ಹಾಗೆ ಸ್ಕೀ ತಳಕ್ಕೆ ಅಂಟಿಸೋ ಪಟ್ಟಿ) ಹಿಂದಿನ ತುದಿ ಕಿತ್ತು ಬಂತು. ಹೊಸ ಅಂಟು ಹಾಕಿಸ್ಬೇಕಾ? ಬೂಟು ಒಂದು ಸೈಜ್ ದೊಡ್ಡದು ತಗೋಬೇಕಾ?

ಬೆಣ್ಣೆದೋಸೆ (ಸ್ಟಾಕ್‌ಹೋಮ್)

ದೊಡ್ಡ ಬೂಟು ಬೇಡವೇ ಬೇಡ, ಹಿಮ್ಮಡಿ ಇನ್ನೂ ಉಜ್ಜುತ್ತೆ. ಸ್ಕಿನ್ ಕಿತ್ತು ಬಂದಾಗ ಅಂಟಿನ ಮೇಲೆ ಹಿಮ ಕೂತಿತ್ತಾ ನೋಡಿ. ಸಾಮಾನ್ಯವಾಗಿ ಅಂಟು ಸತ್ತಿರಲ್ಲ, ತೇವ ಆಗಿರುತ್ತೆ. ಒರೆಸಿ, ಸ್ವಲ್ಪ ಹೊತ್ತು ಜಾಕೆಟ್ ಒಳಗೆ ಎದೆಗೆ ಒತ್ತಿ ಇಟ್ಕೊಂಡು ಮತ್ತೆ ಅಂಟಿಸಿದ್ರೆ ಹಿಡಿಯುತ್ತೆ. ರಾತ್ರಿ ಒಣಗಿಸುವಾಗ ಒಲೆ ಪಕ್ಕದಲ್ಲೇ ನೇತು ಹಾಕಬೇಡಿ, ಅಂಟು ಕರಗಿ ಸ್ಕೀಗೆಲ್ಲ ಮೆತ್ಕೊಳ್ಳುತ್ತೆ.

ಉತ್ತರದಿಕ್ಕು (ಲೂಲಿಯೊ)

ಮೇಡಂ ಹೇಳಿದ್ದು ಸರಿ. ಆದ್ರೆ ಗಿರಿಚಾರಿಯವರೇ, ನಿಮ್ಮ ತೊಂದರೆ ಅಂಟಿನದಲ್ಲ, ಸೆಟ್‌ನದು. ಆ ಸ್ಕೀ, ಆ ಬೂಟು ನಾರ್ವೆಯ ಲಿಂಗೆನ್ ಥರದ ಜಾಗಕ್ಕೆ. ಅಲ್ಲಿ ಸಮುದ್ರದ ಅಂಚಿನಿಂದಲೇ ಸಾವಿರ ಮೀಟರ್ ಹತ್ತಿ, ಬಂದ ದಾರೀಲೇ ಜಾರಿ ಇಳೀತಾರೆ. ಕುಂಗ್ಸ್‌ಲೇಡನ್‌ನ ಈ ಭಾಗ ಬಹುಪಾಲು ಕಣಿವೆ ತಳ, ಹೆಪ್ಪುಗಟ್ಟಿದ ಕೆರೆ. ಅಲ್ಲಿ ಪ್ಲಾಸ್ಟಿಕ್ ಬೂಟಲ್ಲಿ ದಿನವಿಡೀ ಕಾಲೆಳೆಯೋದು ಗಂಬೂಟು ಹಾಕ್ಕೊಂಡು ಮ್ಯಾರಥಾನ್ ಓಡಿದ ಹಾಗೆ. ಸ್ಟೀಲ್ ಅಂಚಿನ ಉದ್ದನೆ ಬ್ಯಾಕ್‌ಕಂಟ್ರಿ ಸ್ಕೀ, ಮೆತ್ತನೆ ಚರ್ಮದ ಬೂಟು ಕೇಳಿ. ತಳದಲ್ಲಿ ಮೀನಿನ ಹುರುಪೆ ಥರ ಕೊರೆದಿರೋದು ಸಿಕ್ಕಿದ್ರೆ ಹಿಡಿತಕ್ಕೆ ಮೇಣ ಹಚ್ಚೋ ತಲೆನೋವೂ ಇಲ್ಲ. ಏರಿಗೆ ಮಾತ್ರ ಅರ್ಧ ಉದ್ದದ ಸ್ಕಿನ್ ಸಾಕು.

ಈಗ ದಿನಗಳು, ರಾತ್ರಿ ತಂಗೋ ಗುಡಿಸಲುಗಳ ನಡುವಿನ ಕಿ.ಮೀ. ಲೆಕ್ಕ. ಅಬಿಸ್ಕೊದಿಂದ ಅಬಿಸ್ಕೊಯೌರೆ 15, ಅಲೆಸ್‌ಯೌರೆಗೆ 20, ಚೆಕ್ಚಾಗೆ 13, ಸೆಲ್ಕಾಗೆ 12, ಸಿಂಗಿಗೆ 12, ಕೆಬ್ನೆಕೈಸೆಗೆ 14, ನಿಕ್ಕಲುವೊಕ್ತಾಗೆ 19. ಒಟ್ಟು 105 ಕಿ.ಮೀ., ಏಳು ದಿನದ ಹಾದಿ. ಐದು ದಿನಕ್ಕೆ ಇಳಿಸೋಕೆ ನೀವು ಚೆಕ್ಚಾ, ಸಿಂಗಿ ಎರಡೂ ಬಿಟ್ಟಿರ್ತೀರಿ. ಸೆಲ್ಕಾದಿಂದ ನೇರ ಕೆಬ್ನೆಕೈಸೆ 26, ಅಲೆಸ್‌ಯೌರೆಯಿಂದ ನೇರ ಸೆಲ್ಕಾ ನಿಮ್ಮ ಆ 25. ಆ 25ರ ದಿನವೇ 1,150 ಮೀಟರ್ ಎತ್ತರದ ಚೆಕ್ಚಾ ಕಣಿವೆದಾರಿ ದಾಟಬೇಕು. ಈ ಹಾದಿಯ ಅತಿ ಎತ್ತರದ ಜಾಗ ಅದು. ಉತ್ತರದಿಂದ ಹತ್ತೋದು ಸಲೀಸು, ದಕ್ಷಿಣಕ್ಕೆ ಇಳಿಜಾರು ಕಡಿದು. ಸಾಮಾನಿನ ಜಾರುಬಂಡಿ ಎಳ್ಕೊಂಡು ಹೋದ್ರೆ ಅದೇ ನಿಮ್ಮನ್ನ ಮುಂದಕ್ಕೆ ತಳ್ಳುತ್ತೆ. ಇಬ್ಬರು ಹಿಂದಿನಿಂದ ಹಗ್ಗ ಹಿಡಿದು ತಡೀಬೇಕು.

ಗಾಳಿ ಬಗ್ಗೆ ಯಾರೂ ಲೆಕ್ಕ ಇಡಲ್ಲ. ಮೈನಸ್ 15 ಇದ್ದು, ಸೆಕೆಂಡಿಗೆ 10 ಮೀಟರ್ ಗಾಳಿ ಬಂದ್ರೆ ಮುಖಕ್ಕೆ ಮೈನಸ್ 27ರ ಹಾಗೆ ಹೊಡೆಯುತ್ತೆ. ಅಂಥ ದಿನ ಗುಡಿಸಲಲ್ಲೇ ಕೂರಬೇಕು. ಸಂಜೆ ವಿಮಾನ ಇದ್ರೆ ಕೂರ್ತೀರಾ? ಇಲ್ಲ, ಹೊರಡ್ತೀರಿ. ಅದಕ್ಕೇ ಹೇಳ್ತಿದೀನಿ, ನಿಮ್ಮ ಪ್ಲ್ಯಾನ್‌ನಲ್ಲಿ ನಿಜವಾಗಿ ಅಪಾಯ ಇರೋದು ಆ ಟಿಕೆಟ್‌ನಲ್ಲಿ.

ಗಿರಿಚಾರಿ

ಅಯ್ಯೋ, 25ರ ಲೆಕ್ಕ ನೋಡದೇನೇ ಹೇಳಿಬಿಟ್ರಲ್ಲ ಸಾರ್. ಮಾರ್ಚ್ ಕೊನೆಗೆ ಮುಂದೂಡಿ ಎಂಟು ದಿನ ಇಟ್ಕೊಂಡ್ರೆ? ರಜೆ ಅಷ್ಟು ಸಿಗದಿದ್ರೆ ಬೇರೆ ದಾರಿ ಇದೆಯಾ? ಹಿಮಕುಸಿತದ್ದು ಏನು ಕಥೆ?

ಉತ್ತರದಿಕ್ಕು

ಮಾರ್ಚ್ ಕೊನೆ ಎಷ್ಟೋ ಮೇಲು. ಫೆಬ್ರವರಿ 20ರ ಹೊತ್ತಿಗೆ ಅಲ್ಲಿ ಎಂಟೂವರೆ–ಒಂಬತ್ತು ಗಂಟೆ ಬೆಳಕು. ಮಾರ್ಚ್ 20 ದಾಟಿದ ಮೇಲೆ ಹನ್ನೆರಡಕ್ಕಿಂತ ಜಾಸ್ತಿ, ದಿನಕ್ಕೆ ಸುಮಾರು ಎಂಟು ನಿಮಿಷ ಏರ್ತಾ ಹೋಗುತ್ತೆ. ಈಸ್ಟರ್ ವಾರ ಮಾತ್ರ ತಪ್ಪಿಸಿ, ಗುಡಿಸಲುಗಳೆಲ್ಲ ತುಂಬಿರ್ತವೆ.

ರಜೆ ಕಮ್ಮಿ ಇದ್ರೆ ಅಲೆಸ್‌ಯೌರೆವರೆಗೆ ಹೋಗಿ ಅದೇ ದಾರೀಲಿ ವಾಪಸ್ ಬನ್ನಿ, 70 ಕಿ.ಮೀ. ಕಣಿವೆದಾರಿ ದಾಟೋ ತಾಪತ್ರಯ ಇಲ್ಲ, ಸಂಜೆ ಸೌನಾ ಸಿಗುತ್ತೆ. ‘ಪೂರ್ತಿ ಮಾಡಿದ್ವಿ’ ಅಂತ ಹೇಳ್ಕೊಳ್ಳೋಕೆ ಆಗಲ್ಲ, ಅಷ್ಟೇ ತಾನೇ. ಪೂರ್ತಿ ಹೋದವರಿಗೆ ಕೊನೇಲಿ ಸಾಕಾಗಿಬಿಟ್ರೆ ಕೆಬ್ನೆಕೈಸೆಯಿಂದ ನಿಕ್ಕಲುವೊಕ್ತಾಗೆ ಹಿಮಸ್ಕೂಟರ್ ಇದೆ.

ಗುರುತಿನ ಕಂಬದ ಮೇಲೆ ಕೆಂಪು ಗುಣಾಕಾರ ಚಿಹ್ನೆ ಇರುತ್ತೆ, ಅದೇ ಚಳಿಗಾಲದ ದಾರಿ, ಬಿಡಬೇಡಿ. ಆಸೆಪಟ್ಟು ಪಕ್ಕದ ಇಳಿಜಾರು ಹತ್ತಿದ್ರೆ ಕಥೆ ಬೇರೆ. 30 ಡಿಗ್ರಿ ಮೀರಿದ ಕಡೆ ಹಿಮ ಜಾರುತ್ತೆ, ಕೆಳಗೆ ನಿಂತವರ ಮೇಲೂ ಬರುತ್ತೆ. ಸ್ವೀಡನ್‌ನ ಪರಿಸರ ಇಲಾಖೆ ಅಬಿಸ್ಕೊ, ಕೆಬ್ನೆಕೈಸೆ ಎರಡೂ ಕಡೆಗೆ ಹಿಮಕುಸಿತದ ಮುನ್ಸೂಚನೆ ಕೊಡುತ್ತೆ. ಹೊರಡೋ ಮುಂಚೆ ನೋಡಿ, ದಾರೀಲಿ ಗುಡಿಸಲಿನ ಮೇಲ್ವಿಚಾರಕರನ್ನ ಕೇಳಿ. ಹೆಚ್ಚಿನ ಕಡೆ ಮೊಬೈಲ್ ಸಿಗ್ನಲ್ ಇಲ್ಲ, ಗುಡಿಸಲಲ್ಲಿ ತುರ್ತು ಫೋನ್ ಇರುತ್ತೆ.

ಬೆಣ್ಣೆದೋಸೆ

ಬೆಂಗಳೂರಿನ ಮೂವರಿಗೆ ಒಂದು ಮಾತು: ಷೆಂಗೆನ್ ವೀಸಾಗೆ 30,000 ಯೂರೋ ವಿಮೆ ಬೇಕೇ ಬೇಕು, ಆದ್ರೆ ಅಷ್ಟಕ್ಕೇ ನಿಲ್ಲಿಸಬೇಡಿ. ಎಷ್ಟೋ ಪಾಲಿಸಿಗಳು ರೆಸಾರ್ಟ್ ಆಚೆಗಿನ ಸ್ಕೀಯಿಂಗನ್ನ ಹೊರಗಿಟ್ಟಿರ್ತವೆ. ಆ ಷರತ್ತು ಓದಿ, ಬೆಟ್ಟದಿಂದ ಎತ್ತಿ ತರೋ ಖರ್ಚು ಸೇರಿದೆಯಾ ನೋಡಿ.

ಗಿರಿಚಾರಿ

ಎಂಟು ದಿನ ಫಿಕ್ಸ್, ಚೆಕ್ಚಾದಲ್ಲೂ ಒಂದು ರಾತ್ರಿ. ತಮ್ಮ ಬೂಟು ವಾಪಸ್ ಕೊಡೋಕೆ ಹೋಗಿದಾನೆ. ಊಟದ್ದು ಹೇಳಿ, ನಾವೆಲ್ಲ ಸಸ್ಯಾಹಾರಿಗಳು.

ಬೆಣ್ಣೆದೋಸೆ

ಗುಡಿಸಲಲ್ಲಿ ಕರೆಂಟ್ ಇಲ್ಲ, ಗ್ಯಾಸ್ ಒಲೆ, ಪಾತ್ರೆ ಇರುತ್ತೆ. ಸೌದೆ ಸೀಳೋದು, ಕೆರೆ ಮಂಜುಗಡ್ಡೆ ತೂತಿನಿಂದ ನೀರು ತರೋದು ನಿಮ್ಮದೇ ಕೆಲಸ. ಅಬಿಸ್ಕೊಯೌರೆ, ಅಲೆಸ್‌ಯೌರೆ, ಸೆಲ್ಕಾದಲ್ಲಿ ಪುಟ್ಟ ಅಂಗಡಿ ಇದೆ. ಚೆಕ್ಚಾ, ಸಿಂಗಿಯಲ್ಲಿ ಇಲ್ಲ. ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ ಊರಿಂದಲೇ ತನ್ನಿ. ತುಪ್ಪ, ಧಾರವಾಡ ಪೇಡ ಮಾತ್ರ ಬೇಡ, ಹಾಲಿನ ಪದಾರ್ಥ ಹೊರಗಿನಿಂದ ಯುರೋಪ್ ಒಕ್ಕೂಟಕ್ಕೆ ತರೋ ಹಾಗಿಲ್ಲ. ಬೆಣ್ಣೆ ತಮ್ಮನ ಕೈಲಿ ಉಪ್ಸಾಲಾದಲ್ಲೇ ತರಿಸಿ.