ಸಹಾಯ ಬೇಕು: ಬೈಬಲ್‌ನ ತೆಳು ಹಾಳೆಗೆ ಯಾವ ಪೆನ್?

ಎಲ್ಲರಿಗೂ ನಮಸ್ಕಾರ, ಮಂಗಳೂರಿನಿಂದ ಬರೆಯುತ್ತಿದ್ದೇನೆ. ದಿನಾ ಬೆಳಿಗ್ಗೆ ಕನ್ನಡ ಬೈಬಲ್ ಓದಿ, ಮನಸ್ಸಿಗೆ ತಾಗಿದ ವಾಕ್ಯಕ್ಕೆ ಗೆರೆ ಹಾಕಿ, ಅಂಚಿನಲ್ಲಿ ನಾಲ್ಕು ಮಾತು ಬರೆದಿಡುವ ಅಭ್ಯಾಸ ಶುರು ಮಾಡಿದ್ದೇನೆ. ಹಾಳೆ ತುಂಬಾ ತೆಳು, ಈ ಮಳೆಗಾಲದಲ್ಲಂತೂ ಮುಟ್ಟಿದರೆ ತಂಪು ತಂಪು. ಜೆಲ್ ಪೆನ್ನಲ್ಲಿ 23ನೇ ಕೀರ್ತನೆಗೆ ಗೆರೆ ಎಳೆದೆ, ಹಿಂದಿನ ಪುಟದ ಅಕ್ಷರಗಳ ಮೇಲೆಲ್ಲ ನೀಲಿ ಮೂಡಿತು. ಅಮ್ಮ ಕೊಟ್ಟ ಪ್ರತಿ ಅದು, ತುಂಬಾ ಬೇಜಾರಾಯ್ತು. ಹೈಲೈಟರ್ ಇನ್ನೂ ಜಾಸ್ತಿ ಇಳಿಯಿತು. ಬಣ್ಣದ ಪೆನ್ಸಿಲ್ ಇಳಿಯುವುದಿಲ್ಲ, ಗೆರೆಗೆ ಅದೇ ಸಾಕು. ಆದರೆ ಸಣ್ಣ ಅಕ್ಷರ ಬರೆಯಲು ಆಗಲ್ಲ, ಮೊನೆ ಬೇಗ ಮೊಂಡಾಗುತ್ತದೆ. ಹಂಪನಕಟ್ಟೆಯ ಅಂಗಡಿಯಲ್ಲಿ 0.2 ಮಿ.ಮೀ. ಪಿಗ್ಮೆಂಟ್ ಪೆನ್ (ಬಣ್ಣದ ನುಣ್ಣನೆಯ ಕಣಗಳಿರುವ ಶಾಯಿಯ, ಸಣ್ಣ ಮೊನೆಯ ಪೆನ್) ತೋರಿಸಿದರು. ತೇವ ಹಿಡಿದ ತೆಳು ಹಾಳೆಯಲ್ಲಿ ಅದು ಹಿಂದಕ್ಕೆ ಇಳಿಯದೆ ನಿಲ್ಲುತ್ತದಾ, ಇಲ್ಲ ಬಾಲ್ ಪೆನ್ನೇ ಒಳ್ಳೆಯದಾ? ಬಳಸಿದವರು ಹೇಳ್ತೀರಾ?