ಏಳು ವರ್ಷದ ಕಟಿಂಗ್ ಮಾಸ್ಟರನ್ನು ಬಿಡಿಸಬೇಕು. ಕಾನೂನು ಪ್ರಕಾರ ಏನು ಮಾಡಬೇಕು?

ಬಳ್ಳಾರಿ ಜೀನ್ಸ್ ಅಕ್ಕ

ಎಲ್ಲರಿಗೂ ನಮಸ್ಕಾರ. ಬಳ್ಳಾರಿ ಕೌಲ್ ಬಜಾರ್ ಕಡೆ ನಮ್ಮದೊಂದು ಜೀನ್ಸ್ ಹೊಲಿಯುವ ಯೂನಿಟ್ ಇದೆ. ಟೈಲರುಗಳು, ಹೆಲ್ಪರುಗಳು, ದಾರ ಕತ್ತರಿಸುವ ಹೆಂಗಸರು ಎಲ್ಲಾ ಸೇರಿ 26 ಜನ. ವಾಷಿಂಗ್ ಹೊರಗೆ ಕೊಡುತ್ತೇವೆ. ಮೊದಲು ನಮ್ಮ ಮನೆಯವರು ನೋಡಿಕೊಳ್ಳುತ್ತಿದ್ದರು. ಅವರ ಆರೋಗ್ಯ ಕೆಟ್ಟ ಮೇಲೆ ಎಲ್ಲಾ ನನ್ನ ತಲೆ ಮೇಲೆ ಬಂದಿದೆ.

ವಿಷಯ ನಮ್ಮ ಕಟಿಂಗ್ ಮಾಸ್ಟರದು. ನಮ್ಮಲ್ಲಿ ಏಳು ವರ್ಷದ ಮೇಲಾಯಿತು. ಸಂಬಳ ತಿಂಗಳಿಗೆ 24,000. ನನಗೆ ಬಟ್ಟೆ ಲೆಕ್ಕ ಕಲಿಸಿದ್ದೇ ಅವರು, ಅಕ್ಕ ಅಂತಲೇ ಕರೆಯುತ್ತಾರೆ. ಹಾಗಾಗಿ ಮುಖ ಕೊಟ್ಟು ಕೇಳೋಕೆ ಆಗದೆ ಇಷ್ಟು ದಿನ ಎಳೆಯಿತು.

ಒಂದು ಪ್ಯಾಂಟಿಗೆ ಒಂದೂಕಾಲು ಮೀಟರ್ ಹಿಡಿದರೆ 110 ಮೀಟರ್ ರೋಲಿಗೆ 88 ಪ್ಯಾಂಟ್ ಬರಬೇಕು. ಸೈಜು ಹೆಚ್ಚುಕಮ್ಮಿ ಅಂತ ಎರಡು ಮೂರು ಬಿಡೋಣ. ಈಚೆಗೆ 80, 81 ಬರುತ್ತಿದೆ. ಕೇಳಿದರೆ "ರೋಲೇ ಕಮ್ಮಿ ಬರ್ತಿದೆ ಅಕ್ಕಾ" ಅನ್ನುತ್ತಾರೆ. ಒಬ್ಬ ಟೈಲರ್ ಬಂದು, ರಾತ್ರಿ ಮಾಸ್ಟರ್ ಗಾಡಿಯಲ್ಲಿ ಬಟ್ಟೆ ಹೋಗುತ್ತಿದೆ ಅಂದ. ನಾನು ಕಣ್ಣಾರೆ ನೋಡಿಲ್ಲ. ಇದರ ಮಧ್ಯೆ, ಹುಣ್ಣಿಮೆಗೆ ಹುಲಿಗಿಗೆ ಹೋಗಿ ಬರುತ್ತೇನೆ ಅಂತ ಎರಡು ದಿನ ರಜೆ ಕೇಳಿ ಹೋದವರು ಮೂರು ವಾರ ಆದರೂ ಬಂದಿಲ್ಲ. ಫೋನ್ ಎತ್ತುತ್ತಿಲ್ಲ. ಬೇರೆ ಯೂನಿಟ್‌ನಲ್ಲಿ ಕಟಿಂಗ್‌ಗೆ ನಿಂತಿದ್ದಾರೆ ಅಂತ ಸುದ್ದಿ.

ಅಡ್ವಾನ್ಸ್ 40,000 ಬಾಕಿ ಇದೆ. ಅವರ ಹೋದ ತಿಂಗಳ ಸಂಬಳ ನನ್ನ ಹತ್ತಿರವೇ ಇದೆ, ಬಂದ ಮೇಲೆ ಲೆಕ್ಕ ಮಾಡೋಣ ಅಂತ ಹಿಡಿದಿದ್ದೇನೆ. ಪಿಎಫ್ ಎಲ್ಲರಿಗೂ ಕಟ್ಟುತ್ತೇವೆ. ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ) ಮಾಸ್ಟರ್ ಬಿಟ್ಟು ಉಳಿದವರಿಗಿದೆ. ಅಪಾಯಿಂಟ್‌ಮೆಂಟ್ ಲೆಟರ್ ಮಾತ್ರ ಯಾರಿಗೂ ಇಲ್ಲ, ನಮ್ಮ ಕಡೆ ಯಾರೂ ಕೊಡಲ್ಲ ಬಿಡಿ.

"ನಾಳೆಯಿಂದ ಬರಬೇಡಿ" ಅಂತ ವಾಟ್ಸಾಪ್ ಹಾಕಿದರೆ ಸಾಕಾ? ಅಡ್ವಾನ್ಸನ್ನು ಆ ಸಂಬಳದಲ್ಲೇ ಮುರಿದುಕೊಳ್ಳಬಹುದಾ? ಹೊಸ ಮಾಸ್ಟರ್ ಒಬ್ಬರು ರೆಡಿ ಇದ್ದಾರೆ, ಅವರನ್ನು ಹೇಗೆ ಸೇರಿಸಿಕೊಳ್ಳಬೇಕು?

ಗಂಗಾವತಿ ಮಿಲ್

ಅಕ್ಕಾರೆ, ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳುತ್ತೀರಿ? ಮೂರು ವಾರ ಬಂದಿಲ್ಲ ಅಂದರೆ ಅವರೇ ಬಿಟ್ಟು ಹೋದ ಹಾಗೆ. ರಿಜಿಸ್ಟರ್‌ನಲ್ಲಿ ಹೆಸರು ಹೊಡೆದು ಹಾಕಿ, ಮುಗೀತು. ನಮ್ಮ ಕಡೆ ರೈಸ್‌ಮಿಲ್‌ಗಳಲ್ಲಿ ಸೇರುವಾಗಲೇ ಖಾಲಿ ಹಾಳೆ ಮೇಲೆ ಎರಡು ಸಹಿ ಹಾಕಿಸಿ, ಆಧಾರ್ ಒರಿಜಿನಲ್ ಇಟ್ಟುಕೊಳ್ಳುತ್ತಾರೆ. ಬೇಕಾದಾಗ ರಾಜೀನಾಮೆ ಅಂತ ಬರೆದುಕೊಂಡರಾಯಿತು. ಹೊಸ ಮಾಸ್ಟರಿಗೂ ಹಾಗೇ ಮಾಡಿ.

ನಿವೃತ್ತ ಪರ್ಸನಲ್ ಆಫೀಸರ್, ಕೊಪ್ಪಳ

ಮೇಡಂ, ಮೇಲಿನವರು ಹೇಳಿದ್ದನ್ನು ಮಾತ್ರ ಮಾಡಬೇಡಿ. ಕೊಪ್ಪಳ ಕಡೆ ಒಂದು ಸ್ಪಾಂಜ್ ಐರನ್ ಕಾರ್ಖಾನೆಯಲ್ಲಿ ಕೂದಲು ಬೆಳ್ಳಗಾಗುವ ತನಕ ಇದೇ ಕೆಲಸ ಮಾಡಿದವನು ನಾನು. ಕೆಲಸಗಾರರನ್ನು ಬಿಡಿಸಲೇಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಅವರ ಮಾತು ಕೇಳದೆ ಬಿಡಿಸಿದರೆ ಮಾತ್ರ ದುಬಾರಿ ಬೀಳುತ್ತದೆ.

ಮೊದಲು ಗೈರುಹಾಜರಿ. ಬರಲಿಲ್ಲ, ಹೆಸರು ಹೊಡೆದೆ ಅನ್ನುವುದು ಕೋರ್ಟಿನಲ್ಲಿ ನಿಲ್ಲಲ್ಲ. 1993ರಲ್ಲಿ ಡಿ.ಕೆ. ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಎಂಟು ದಿನಕ್ಕಿಂತ ಜಾಸ್ತಿ ರಜೆ ಇಲ್ಲದೆ ಗೈರಾದರೆ ಕೆಲಸ ತಾನಾಗಿಯೇ ಹೋಗುತ್ತದೆ ಅಂತ ಆ ಕಂಪನಿಯ ಸ್ಥಾಯಿ ಆದೇಶದಲ್ಲೇ, ಅಂದರೆ ಕೆಲಸದ ನಿಯಮಗಳಲ್ಲೇ ಇತ್ತು. ನನ್ನನ್ನು ಗೇಟಿನಲ್ಲೇ ತಡೆದರು ಅಂತ ಕೆಲಸಗಾರ ಹೇಳಿದ. ಅವನಿಗೊಂದು ವಿಚಾರಣೆ ಕೊಡದೆ ತೆಗೆದದ್ದು ತಪ್ಪು ಅಂತ ಹೇಳಿ, ಕೆಲಸಕ್ಕೆ ವಾಪಸ್ ತೆಗೆದುಕೊಳ್ಳಿ, ಹಿಂದಿನ ಸಂಬಳದಲ್ಲಿ ಅರ್ಧ ಕೊಡಿ ಅಂತ ಆದೇಶ ಆಯಿತು. ಬರೆದಿಟ್ಟ ನಿಯಮ ಇದ್ದವರ ಕಥೆಯೇ ಹೀಗೆ. ನಿಮ್ಮ ಹತ್ತಿರ ಲೆಟರೂ ಇಲ್ಲ.

ಹಾಗಾಗಿ ಇವತ್ತೇ ಒಂದು ನೋಟಿಸ್ ಬರೆಯಿರಿ. ಅವರು ಓದುವ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿ. ಇಂಥ ದಿನದಿಂದ ಬಂದಿಲ್ಲ, ಫೋನ್ ಎತ್ತಿಲ್ಲ, ಏಳು ದಿನದಲ್ಲಿ ಕೆಲಸಕ್ಕೆ ಬನ್ನಿ ಅಥವಾ ಕಾರಣ ಬರೆದು ಕೊಡಿ. ಇಷ್ಟು ಸಾಕು. ಬೈಗುಳ, ಉಪಕಾರದ ಲೆಕ್ಕ, "ನಿಮ್ಮನ್ನ ತಮ್ಮನ ಹಾಗೆ ನೋಡಿಕೊಂಡೆ" ಇವೆಲ್ಲ ಬೇಡ. ಮನೆ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ ಈಗ ಅದರಲ್ಲೇ ಸೇರಿಹೋಗಿದೆ. ರಸೀದಿ ಜೋಪಾನ. ಅದೇ ನೋಟಿಸಿನ ಫೋಟೋ ವಾಟ್ಸಾಪಿಗೂ ಹಾಕಿ. ತೆಗೆದುಕೊಳ್ಳದೆ ಕವರ್ ವಾಪಸ್ ಬಂದರೆ ಒಡೆಯಬೇಡಿ, ಹಾಗೇ ಫೈಲಿಗೆ ಸೇರಿಸಿ.

ಬಟ್ಟೆ ವಿಷಯ ಬೇರೆ. ಅದಕ್ಕೆ ಬೇರೆಯೇ ಆರೋಪ ಪಟ್ಟಿ ಬೇಕು. "ನೀವು ಬಟ್ಟೆ ಕದಿಯುತ್ತಿದ್ದೀರಿ" ಅಂತ ಬರೆದರೆ ಅದು ಆರೋಪ ಅಲ್ಲ, ಬೈಗುಳ. ಯಾವ ತಾರೀಖು, ಯಾವ ರೋಲು, ಎಷ್ಟು ಮೀಟರ್ ಕೊಟ್ಟಿದ್ದು, ಎಷ್ಟು ಪ್ಯಾಂಟ್ ಬಂದದ್ದು, ಎಷ್ಟು ಲೆಕ್ಕಕ್ಕೆ ಸಿಗುತ್ತಿಲ್ಲ, ಹೀಗೆ ಬರೆಯಬೇಕು. ಉತ್ತರ ಕೊಡೋಕೆ ಸಮಯ ಕೊಡಿ. ಉತ್ತರ ಒಪ್ಪಿಗೆ ಆಗದಿದ್ದರೆ ವಿಚಾರಣೆ. ವಿಚಾರಣೆ ಮಾಡುವವರು ನೀವಾಗಬಾರದು, ಆ ಟೈಲರ್ ಕೂಡ ಆಗಬಾರದು. ಅವನು ಸಾಕ್ಷಿ. ಈ ವಿಷಯದಲ್ಲಿ ಕೈ ಹಾಕದ ಹೊರಗಿನ ಒಬ್ಬರನ್ನು ಕೂರಿಸಿ, ವಕೀಲರಾದರೂ ನಡೆಯುತ್ತದೆ. ಮಾಸ್ಟರ್ ಎದುರಿಗೇ ಟೈಲರ್ ಹೇಳಿಕೆ ಆಗಬೇಕು, ಅವನಿಗೆ ಪ್ರಶ್ನೆ ಕೇಳಲು ಮಾಸ್ಟರಿಗೆ ಬಿಡಬೇಕು. ಪ್ರತಿ ಹಾಳೆಗೂ ಎಲ್ಲರ ಸಹಿ. ವರದಿ ಬಂದ ಮೇಲೆ ಅದರ ಪ್ರತಿ ಕೊಟ್ಟು, ಶಿಕ್ಷೆ ಬಗ್ಗೆ ಅವರು ಹೇಳುವುದನ್ನು ಕೇಳಿ, ಆಮೇಲೆ ಆದೇಶ. ಆದೇಶದಲ್ಲಿ ಏಳು ವರ್ಷದ ಹಳೆ ದಾಖಲೆಯನ್ನೂ ತೂಗಿ ನೋಡಿದ್ದೀರಿ ಅಂತ ಕಾಣಬೇಕು. ತಪ್ಪಿಗಿಂತ ಶಿಕ್ಷೆ ದೊಡ್ಡದಾಯಿತು ಅನ್ನಿಸಿದರೆ ಅದನ್ನು ಕಡಿಮೆ ಮಾಡುವ ಅಧಿಕಾರ ಕೈಗಾರಿಕಾ ನ್ಯಾಯಮಂಡಳಿಗಿದೆ.

ಇದೆಲ್ಲ ನಾಟಕ ಅಂತ ಮಾಲೀಕರಿಗೆ ಅನ್ನಿಸುತ್ತದೆ. ಹಾಗಲ್ಲ. ನಮ್ಮ ಕಾರ್ಖಾನೆಯಲ್ಲಿ ಒಬ್ಬ ಹೆಲ್ಪರ್ ರಾತ್ರಿ ಗೇಟಿನಿಂದ ತಾಮ್ರದ ಕೇಬಲ್ ಸಾಗಿಸಿದ ಅಂತ ಆರೋಪ. ಗೇಟ್ ಲೈಟಿನ ಬೆಳಕಿನಲ್ಲಿ ಮುಖ ನೋಡಿದೆ ಅಂತ ವಾಚ್‌ಮನ್ ಗಟ್ಟಿಯಾಗಿ ಹೇಳಿದ. ಹೆಲ್ಪರ್ ಕೇಳಿದ್ದು ಒಂದೇ ಪ್ರಶ್ನೆ: "ಅವತ್ತು ಕರೆಂಟ್ ಇತ್ತೇನಣ್ಣ?" ಲಾಗ್‌ಬುಕ್ ತರಿಸಿದೆವು. ಆ ಹೊತ್ತಿನಲ್ಲಿ ಗೇಟ್ ಕಡೆಯ ಲೈನೇ ಇರಲಿಲ್ಲ. ಸುಮ್ನೆ ಬಿಡಿಸಿದ್ದರೆ ಇದು ಹೊರಗೆ ಬರುತ್ತಲೇ ಇರಲಿಲ್ಲ.

ವಿಚಾರಣೆ ಮುಗಿಯುವ ತನಕ ಅವರು ಕಟಿಂಗ್ ಟೇಬಲ್ ಹತ್ತಿರ ಬರಬಾರದು ಅಂದರೆ ಅಮಾನತು ಮಾಡಬಹುದು. ಆದರೆ ಸುಮ್ನೆ ಮನೆಗೆ ಕಳಿಸುವುದಲ್ಲ. ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ತಡ ಅವರಿಂದ ಆಗದಿದ್ದರೆ ಮುಕ್ಕಾಲು. 

ಸಂಬಳ ಹಿಡಿದಿದ್ದೀರಲ್ಲ, ಅದನ್ನು ಮೊದಲು ಬ್ಯಾಂಕಿಗೆ ಹಾಕಿ. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಹೋಗಬೇಕು. ಅಡ್ವಾನ್ಸ್ ಕಂತು ಮುರಿಯಬಹುದು, ಆದರೆ ಪಿಎಫ್ ಗಿಎಫ್ ಎಲ್ಲಾ ಕಡಿತ ಸೇರಿ ಆ ತಿಂಗಳ ಸಂಬಳದ ಅರ್ಧ ದಾಟಬಾರದು. "ಅಡ್ವಾನ್ಸ್ ತೀರುವ ತನಕ ಬೇರೆ ಕಡೆ ಹೋಗಬೇಡ" ಅಂತ ಮಾತ್ರ ಬಾಯಿ ತಪ್ಪಿಯೂ ಅನ್ನಬೇಡಿ. ಸಾಲ ಕೊಟ್ಟು ಆಳು ಕಟ್ಟಿಹಾಕಿದರೆ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಗೆ ಹೋಗುತ್ತದೆ, ಮೂರು ವರ್ಷದವರೆಗೆ ಜೈಲು. ಗಂಗಾವತಿಯವರು ಹೇಳಿದ ಖಾಲಿ ಹಾಳೆ, ಒರಿಜಿನಲ್ ಆಧಾರ್ ಇವು ಕೋರ್ಟಿನಲ್ಲಿ ನಿಮ್ಮ ವಿರುದ್ಧವೇ ಸಾಕ್ಷಿ ಆಗುತ್ತವೆ.

ಹೊಲಿಗೆ ಕೆಲಸದವಳು

ನಾನು ಬಳ್ಳಾರಿಯಲ್ಲೇ ಸೈಡ್ ಸೀಮ್ ಹೊಡೆಯುವವಳು. ಮಾಲೀಕರ ಮಾತೇ ಜಾಸ್ತಿ ಆಯಿತು, ಅದಕ್ಕೆ ಬರೆಯುತ್ತಿದ್ದೇನೆ. ಮೊದಲು ಇದ್ದ ಯೂನಿಟ್‌ನಲ್ಲಿ ನನಗೆ ಐದು ತಿಂಗಳಾದಾಗ "ನಿಂತು ಕೆಲಸ ಮಾಡೋಕೆ ಕಷ್ಟ ಆಗುತ್ತಲ್ಲಮ್ಮ, ಮನೇಲಿರು" ಅಂದರು. ಪ್ರೀತಿಯಿಂದ ಅಂದ ಹಾಗೇ ಇತ್ತು. ಬಾಣಂತನ ಮುಗಿಸಿ ಹೋದರೆ ನನ್ನ ಮಿಷನ್ ಮೇಲೆ ಬೇರೆಯವರಿದ್ದರು. ಯಾರಿಗೂ ಬಿಡಿಸಿದ್ದು ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಇಎಸ್‌ಐ ಇದ್ದಿದ್ದರಿಂದ 26 ವಾರದ ದುಡ್ಡು ಇಎಸ್‌ಐನಿಂದಲೇ ಬರಬೇಕಿತ್ತು, ಮಾಲೀಕರ ಜೇಬಿನಿಂದ ಅಲ್ಲ. ಅದು ಗೊತ್ತಾಗಿದ್ದು ಆಮೇಲೆ. ಹೆರಿಗೆ ರಜೆಯಲ್ಲಿ ಬಿಡಿಸುವ ಹಾಗೇ ಇಲ್ಲವಂತೆ.

ಅಕ್ಕಾ, ಮಾಸ್ಟರ್ ವಿಷಯ ನಿಮ್ಮಿಷ್ಟ. ಆದರೆ ಆ ಟೈಲರಿಗೂ ಮಾಸ್ಟರಿಗೂ ಹಿಂದೆ ಏನಾದರೂ ಜಗಳ ಇತ್ತಾ ನೋಡಿ. ಕಟಿಂಗ್ ತಪ್ಪಾದರೆ ಹೊಲಿಯುವವರ ಪೀಸ್ ರೇಟ್ ಹೋಗುತ್ತದೆ, ಅಲ್ಲಿಂದಲೇ ಶುರುವಾಗೋದು. ಇನ್ನೊಂದು, ಹತ್ತು ಜನ ಅಥವಾ ಜಾಸ್ತಿ ಇರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳೋಕೆ ಸಮಿತಿ ಇರಬೇಕು, ಹೆಂಗಸರೇ ಅದರ ಮುಖ್ಯಸ್ಥರು. ನಿಮ್ಮಲ್ಲಿ ದಾರ ಕತ್ತರಿಸುವವರು ಇಷ್ಟು ಜನ ಇದ್ದಾರಲ್ಲ, ಅದೂ ಮಾಡಿ.

ಬಳ್ಳಾರಿ ಜೀನ್ಸ್ ಅಕ್ಕ

ಎಲ್ಲರಿಗೂ ಥ್ಯಾಂಕ್ಸ್. ಸಂಬಳ ಹಾಕಿದೆ, ಅಡ್ವಾನ್ಸ್‌ಗೆ 5,000 ಮುರಿದು ಉಳಿದದ್ದು. ನೋಟಿಸ್ ಕಳಿಸಿದೆ. ಮಾಸ್ಟರ್ ಬಂದರು! ಅಮ್ಮನಿಗೆ ಹುಷಾರಿಲ್ಲ ಅಂತ ವಿಮ್ಸ್ ಆಸ್ಪತ್ರೆಯಲ್ಲಿದ್ದರಂತೆ, ಚೀಟಿ ತೋರಿಸಿದರು. ಬೇರೆ ಯೂನಿಟ್‌ನಲ್ಲಿ ಕೆಲಸ ಕೇಳಿದ್ದೂ ನಿಜ ಅಂತ ಅವರೇ ಹೇಳಿದರು.

ಬಟ್ಟೆ ಬಗ್ಗೆ ಕೇಳಿದರೆ, "ಹೊಸ ರೋಲ್ ತೆಗೀರಿ ಅಕ್ಕಾ, ಇಲ್ಲೇ ಅಳೆಯೋಣ" ಅಂದರು. ಟೇಬಲ್ ಮೇಲೆ ಹಾಸಿ ಅಳೆದೆವು. ಲೇಬಲ್‌ನಲ್ಲಿ 110, ಟೇಪಿನಲ್ಲಿ 105. ಮಧ್ಯದಲ್ಲಿ ಕೈಯಗಲ ಎಣ್ಣೆ ಕಲೆ ಬೇರೆ, ಅದನ್ನು ಕತ್ತರಿಸಿ ತೆಗೆಯಲೇಬೇಕು. ಎಲ್ಲಾ ರೋಲಿನ ಲೆಕ್ಕ ಇದರಲ್ಲೇ ಸರಿ ಹೋಗಲ್ಲ, ಎರಡು ರೋಲಿಗೆ ನನಗೆ ಇನ್ನೂ ಅನುಮಾನ ಇದೆ. ಆದರೆ ಗಾಡಿ ನೋಡಿದೆ ಅಂದ ಟೈಲರ್ ಈಗ ಬರೆದು ಕೊಡೋಕೆ ತಯಾರಿಲ್ಲ.

ಮಾಸ್ಟರಿಗೂ ಮನಸ್ಸು ಮುರಿದಿದೆ. ಅವರೇ ಬಿಡುತ್ತೇನೆ ಅಂತಿದ್ದಾರೆ. ಲೆಕ್ಕ ಹೇಗೆ ಮಾಡಲಿ ಸರ್? ಗ್ರಾಚ್ಯುಟಿ, ಅದೇ ಬಿಡುವಾಗ ಸೇವೆಗೆ ಕೊಡುವ ದುಡ್ಡು, ಕೊಡಲೇಬೇಕಾ? ಅವರು ಮಾಸ್ಟರ್ ಅಲ್ವಾ, ಕೆಲಸಗಾರ ಅಂತ ಆಗುತ್ತಾರಾ?

ನಿವೃತ್ತ ಪರ್ಸನಲ್ ಆಫೀಸರ್, ಕೊಪ್ಪಳ

ಸಾಕ್ಷಿ ಹಿಂದೆ ಸರಿದ ಮೇಲೆ ಕಳ್ಳತನದ ಮಾತನ್ನು ಯಾವ ಕಾಗದದಲ್ಲೂ ತರಬೇಡಿ. ರೋಲ್ ಅಳೆದ ದಿನದ ಫೋಟೋ ಇಟ್ಟು, ಬಟ್ಟೆ ಮಾರಿದವರನ್ನು ಕೇಳಿ.

ಮಾಸ್ಟರ್ ಅಂತ ಕರೆದ ಮಾತ್ರಕ್ಕೆ ಮೇಲ್ವಿಚಾರಕ ಆಗಲ್ಲ. ನವೆಂಬರ್ 21, 2025ರಿಂದ 1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಅದರಲ್ಲಿ ಮೇಲ್ವಿಚಾರಣೆ ಕೆಲಸದವರ ಸಂಬಳ 18,000 ದಾಟಿದರೆ ಅವರು ಕೆಲಸಗಾರರ ಲೆಕ್ಕಕ್ಕೆ ಬರಲ್ಲ. ಆದರೆ ನಿಮ್ಮವರು ದಿನವಿಡೀ ಕತ್ತರಿಸುವ ಮಿಷನ್ ಹಿಡಿದು ನಿಲ್ಲುತ್ತಾರೆ. ಕೈ ಏನು ಮಾಡುತ್ತದೆ ಅನ್ನುವುದೇ ಮುಖ್ಯ. ಕೆಲಸಗಾರರೇ.

ಗ್ರಾಚ್ಯುಟಿ ಕೊಡಲೇಬೇಕು. ರಾಜೀನಾಮೆ ಕೊಟ್ಟರೂ ಐದು ವರ್ಷ ಆಗಿದ್ದರೆ ಬರುತ್ತದೆ. 24,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ, ಏಳು ವರ್ಷಕ್ಕೆ ಸುಮಾರು 96,923. ಏಳರ ಮೇಲೆ ಆರು ತಿಂಗಳು ದಾಟಿದ್ದರೆ ಎಂಟು ವರ್ಷ ಅಂತ ಹಿಡಿಯಬೇಕು. 30 ದಿನದೊಳಗೆ ಕೊಡಿ, ತಡ ಆದರೆ ಬಡ್ಡಿ. ಇದರಲ್ಲಿ ಅಡ್ವಾನ್ಸ್ ಮುರಿಯೋಕೆ ಹೋಗಬೇಡಿ. ಸಂಬಳದ ಬಾಕಿಯನ್ನು ಬಿಟ್ಟ ಎರಡು ಕೆಲಸದ ದಿನದೊಳಗೆ ಕೊಡಬೇಕು. ಉಳಿದ 35,000ಕ್ಕೆ ಕಂತು ಬರೆದುಕೊಂಡು ಇಬ್ಬರೂ ಸಹಿ ಮಾಡಿ. ರಾಜೀನಾಮೆ ಅವರ ಕೈಬರಹದಲ್ಲೇ ಇರಲಿ, ಬರೆಯುವಾಗ ಅವರ ಮನೆಯವರೊಬ್ಬರು ಜೊತೆಗಿರಲಿ. ಒತ್ತಾಯದಿಂದ ಬರೆಸಿದರು ಅಂತ ಎರಡು ವರ್ಷದೊಳಗೆ ವಿವಾದ ಎತ್ತಲು ದಾರಿ ಇದೆ.

ಗಂಗಾವತಿ ಮಿಲ್

ಸರ್, ಹಾಗಾದರೆ ಹೊಸಬರನ್ನು ತೆಗೆದುಕೊಂಡು ಮೊದಲ ಆರು ತಿಂಗಳು ನೋಡಿ ಬಿಡಿಸಬಹುದಲ್ವಾ? ಅಲ್ಲೂ ಇಷ್ಟು ಕಾಗದ ಬೇಕಾ?

ನಿವೃತ್ತ ಪರ್ಸನಲ್ ಆಫೀಸರ್, ಕೊಪ್ಪಳ

ಪ್ರೊಬೇಷನ್ ಅಂತ ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬರೆದಿದ್ದರೆ, ಕೆಲಸ ಸರಿ ಬರಲಿಲ್ಲ ಅಂತ ಬಿಡಿಸಬಹುದು. ಆ ಲೆಟರ್ ಈಗ ಕಡ್ಡಾಯ ಕೂಡ. ಕೆಲಸ ಏನು, ಸಂಬಳ ಎಷ್ಟು, ಪ್ರೊಬೇಷನ್ ಎಷ್ಟು ತಿಂಗಳು, ಬಿಡುವಾಗ ನೋಟಿಸ್ ಎಷ್ಟು ದಿನ, ಒಂದು ಪುಟ ಸಾಕು. ವಯಸ್ಸಿನ ದಾಖಲೆ ನೋಡಿ, ನಕಲು ಇಟ್ಟುಕೊಂಡು ಒರಿಜಿನಲ್ ವಾಪಸ್ ಕೊಡಿ. ಆದರೆ ಪ್ರೊಬೇಷನ್‌ನಲ್ಲಿದ್ದವನನ್ನೂ "ಕಳ್ಳ" ಅಂತ ಬರೆದು ಕಳಿಸಿದರೆ ಅದು ಶಿಕ್ಷೆಯೇ ಆಯಿತು, ಅಲ್ಲಿ ವಿಚಾರಣೆ ಬೇಕೇ ಬೇಕು. ಕೆಲಸ ಕಮ್ಮಿಯಾಗಿ ಬಿಡಿಸುವುದಾದರೆ, ಒಂದು ವರ್ಷ ಆದವರಿಗೆ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ. ವರ್ಷ ಅಂದರೆ 240 ದಿನ ಕೆಲಸ. ನಿಮ್ಮ ಮಿಲ್ಲಿನಲ್ಲಿ ಹಾಜರಿ ಪುಸ್ತಕ ಇದೆ ತಾನೆ?

ಗಂಗಾವತಿ ಮಿಲ್

ಇದೆ ಸರ್. ಬರೆಯುವುದು ಸ್ವಲ್ಪ ಹಿಂದೆ ಬಿದ್ದಿದೆ.

ನಿವೃತ್ತ ಪರ್ಸನಲ್ ಆಫೀಸರ್, ಕೊಪ್ಪಳ

ಹಳೇ ದಿನಗಳನ್ನು ಈಗ ಕೂತು ತುಂಬಬೇಡಿ. ಒಂದೇ ಪೆನ್ನು, ಒಂದೇ ಕೈ ಅಂತ ಇನ್‌ಸ್ಪೆಕ್ಟರಿಗೆ ತಕ್ಷಣ ಗೊತ್ತಾಗುತ್ತದೆ. ಇವತ್ತಿನಿಂದ ಬರೆಯಿರಿ, ಆಧಾರ್ ಕಾರ್ಡುಗಳನ್ನು ಇವತ್ತೇ ವಾಪಸ್ ಕೊಡಿ.