ಶಿರಾ ದೊಡ್ಡಪ್ಪನ ಫಾರ್ವರ್ಡು

(ಭಾನುವಾರ ನಮ್ಮ ಮನೆಯವರ ಗುಂಪಲ್ಲಿ ನಡೆದದ್ದು. ಹೆಸರುಗಳು ನನ್ನ ಫೋನಲ್ಲಿ ಸೇವ್ ಆಗಿರೋ ಹಾಗೇ ಇವೆ. ಗುಡ್ ಮಾರ್ನಿಂಗ್ ಹೂವು, ಕೊಬ್ಬರಿ ರೇಟು ತೆಗೆದಿದ್ದೀನಿ.)

ಶಿರಾ ದೊಡ್ಡಪ್ಪ: [ಫಾರ್ವರ್ಡ್] ಜನ ಸೋಲಿಸಿದವರಿಗೆ ಹಿಂಬಾಗಿಲು ಯಾಕೆ? ರಾಜ್ಯಸಭೆ ಬಿಳಿಯಾನೆ! ರಾಷ್ಟ್ರಪತಿ ಒಂದು ಸಹಿ ಹಾಕಿದರೆ ನಾಳೆಯೇ ರದ್ದು!! ಹತ್ತು ಗುಂಪಿಗೆ ಕಳಿಸಿ 🙏

ಶಿರಾ ದೊಡ್ಡಪ್ಪ: ಎಲ್ಲಾರೂ ಓದಿ. ಸರಿಯಾಗೇ ಬರ್ದವ್ನೆ.

ಮೇಷ್ಟ್ರು ಮಾವ: ಸಹಿಗೆಲ್ಲ ರದ್ದಾಗಲ್ಲ ಭಾವ. ಲೋಕಸಭೆ ವಿಸರ್ಜನೆ ಆಗುತ್ತೆ, ರಾಜ್ಯಸಭೆ ಆಗೋದೇ ಇಲ್ಲ. ಎರಡು ವರ್ಷಕ್ಕೊಂದ್ಸಲ ಮೂರರಲ್ಲಿ ಒಂದು ಭಾಗ ನಿವೃತ್ತಿ ಆಗಿ ಹೊಸಬರು ಬರ್ತಾರೆ. ತೆಗೀಬೇಕು ಅಂದ್ರೆ ಸಂವಿಧಾನ ತಿದ್ದಬೇಕು. ಅದಕ್ಕೆ ರಾಜ್ಯಸಭೆಯೇ ಮೂರನೇ ಎರಡು ಬಹುಮತದಿಂದ ಒಪ್ಪಬೇಕು.

ಶಿರಾ ದೊಡ್ಡಪ್ಪ: ಕಳ್ಳನ ಕೈಗೇ ಬೀಗದ ಕೈ ಕೊಟ್ಟಂಗಾಯ್ತು. 2019ರಲ್ಲಿ ನಾವು ದೇವೇಗೌಡ್ರನ್ನ ತುಮಕೂರಲ್ಲಿ ಸೋಲಿಸ್ಲಿಲ್ವಾ? 13 ಸಾವಿರ ಚಿಲ್ಲರೆ ಓಟು. ಮಾರನೇ ವರ್ಷವೇ ರಾಜ್ಯಸಭೆ. ನಮ್ಮ ಓಟಿಗೆ ಏನ್ ಬೆಲೆ ಬಂತು?

ಗುಬ್ಬಿ ಅತ್ತೆ: ಅಣ್ಣ, ಶಿರಾ ಇರೋದು ಚಿತ್ರದುರ್ಗ ಕ್ಷೇತ್ರದಲ್ಲಿ. ಓಟು ಹಾಕಿದ್ದು ನಾವು, ಸಂಕಟ ನಿನಗಾ? 😂

ಶಿರಾ ದೊಡ್ಡಪ್ಪ: ಜಿಲ್ಲೆ ಒಂದೇ ಅಲ್ವೇನಮ್ಮ. ಖರ್ಗೆಯವರದ್ದೂ ಅದೇ ಕತೆ. ಕಲಬುರಗಿಲಿ ಸೋಲು, 2020ರಲ್ಲಿ ಅಲ್ಲಿಗೆ.

ಪುಟ್ಟಿ: ದೊಡ್ಡಪ್ಪ, ರಾಜ್ಯಸಭೆಗೆ ಓಟು ಹಾಕೋದು ಶಾಸಕರು, ಅವರನ್ನ ಆರಿಸೋದು ನೀವೇ. ನಮ್ಮ ಜಿಲ್ಲೆಯಿಂದಲೇ 11 ಜನ. ನಾಲ್ಕು ಸ್ಥಾನ ಇದ್ರೆ ಒಬ್ಬರು ಗೆಲ್ಲೋಕೆ ಸುಮಾರು 45 ಶಾಸಕರು ಬೇಕು.

ಶಿರಾ ದೊಡ್ಡಪ್ಪ: 2020ರಲ್ಲಿ ಎಲ್ಲಿ ಹಾಕಿದ್ರು? ನಾಲ್ಕಕ್ಕೆ ನಾಲ್ಕೂ ಅವಿರೋಧ!

(ಪುಟ್ಟಿ ಕೆಎಎಸ್‌ಗೆ ಓದ್ತಾ ಇದ್ದಾಳೆ. ಆದರೂ ಇದಕ್ಕೆ ಅವಳ ಹತ್ರ ಉತ್ತರ ಇರಲಿಲ್ಲ.)

ಮೇಷ್ಟ್ರು ಮಾವ: ವಿಧಾನ ಪರಿಷತ್ತಿನ ಆಗ್ನೇಯ ಶಿಕ್ಷಕರ ಕ್ಷೇತ್ರದಲ್ಲಿ ನಾವು ಮೇಷ್ಟ್ರುಗಳೂ ಹಿಂಗೇ 1, 2, 3 ಅಂತ ಪ್ರಾಶಸ್ತ್ಯ ಬರೀತೀವಿ. ಆದ್ರೆ ನಮ್ಮದು ಗುಪ್ತ ಮತದಾನ. ಶಾಸಕರು 2003ರಿಂದ ಪಕ್ಷದ ಏಜೆಂಟ್‌ಗೆ ತೋರಿಸಿ ಹಾಕಬೇಕು. ನನಗೆ ಹಿಡಿಸದೇ ಇರೋದು ಅದು.

ಶಿರಾ ದೊಡ್ಡಪ್ಪ: ಹಿಡಿಸದೇ ಇದ್ರೆ ರದ್ದು ಮಾಡಿ ಅನ್ನಪ್ಪ. ರಾಜ್ಯಸಭೆಯವರ ಕೈಲಿ ಏನಾಗುತ್ತೆ? ನಮ್ಮ ತುಮಕೂರು-ರಾಯದುರ್ಗ ರೈಲು ಮಾರ್ಗಕ್ಕೆ ದುಡ್ಡು ಕೊಡಿಸ್ತಾರಾ?

ಪುಟ್ಟಿ: ದುಡ್ಡಿನ ವಿಷಯದಲ್ಲಿ ನೀವು ಹೇಳೋದು ನಿಜ. ಹಣಕಾಸು ಮಸೂದೆ ಅಂತ ಸ್ಪೀಕರ್ ಪ್ರಮಾಣಪತ್ರ ಕೊಟ್ರೆ ರಾಜ್ಯಸಭೆ ಇಟ್ಟುಕೊಳ್ಳೋದು ಬರೀ 14 ದಿನ. ತಮಾಷೆ ಗೊತ್ತಾ? 2016ರಲ್ಲಿ ನಿರ್ಮಲಾ ಸೀತಾರಾಮನ್ ನಮ್ಮ ರಾಜ್ಯದಿಂದಲೇ ರಾಜ್ಯಸಭೆಗೆ ಹೋದ್ರು, 2019ರಲ್ಲಿ ಹಣಕಾಸು ಸಚಿವೆ ಆದ್ರು. ಬಜೆಟ್ ಓದೋದು ಲೋಕಸಭೆಲಿ, ಆದ್ರೆ ಅಲ್ಲಿ ಓಟು ಹಾಕೋ ಹಾಗಿಲ್ಲ.

ಮೇಷ್ಟ್ರು ಮಾವ: ಬೇರೆ ಮಸೂದೆಗೆ ಒಂದು ಸದನ ಒಪ್ಪಿ ಇನ್ನೊಂದು ಒಪ್ಪದೇ ಇದ್ರೆ ಎರಡೂ ಸೇರಿ ಜಂಟಿ ಅಧಿವೇಶನ. ಆಗಿರೋದು ಮೂರೇ ಸಲ. 1961ರ ವರದಕ್ಷಿಣೆ ನಿಷೇಧ, 1978, ಆಮೇಲೆ 2002ರ ಪೋಟಾ, ಅದೇ ಭಯೋತ್ಪಾದನೆ ತಡೆ ಕಾಯ್ದೆ.

ಗುಬ್ಬಿ ಅತ್ತೆ: ವರದಕ್ಷಿಣೆ ಕಾನೂನು ಇವರ ಬಾಯಲ್ಲಿ ಕೇಳಬೇಕು. ಸ್ಕೂಟರ್ ಮರೆತೋಯ್ತಾ?

ಶಿರಾ ದೊಡ್ಡಪ್ಪ: ಸಾಲ ಮಾಡಿ ಕೊಡಿಸಿದವನು ನಾನು.

ಮೇಷ್ಟ್ರು ಮಾವ: ವಿಷಯಕ್ಕೆ ಬನ್ನಿ. ಸಂವಿಧಾನ ತಿದ್ದುಪಡಿಗೆ ಜಂಟಿ ಅಧಿವೇಶನ ಇಲ್ಲ, ಎರಡೂ ಕಡೆ ಬೇರೆ ಬೇರೆಯಾಗೇ ಗೆಲ್ಲಬೇಕು. 1989ರಲ್ಲಿ ಪಂಚಾಯ್ತಿ ತಿದ್ದುಪಡಿ ಲೋಕಸಭೆ ದಾಟಿ ರಾಜ್ಯಸಭೆಲಿ ಬಿತ್ತು.

ಶಿರಾ ದೊಡ್ಡಪ್ಪ: ಪಂಚಾಯ್ತಿಗೇ ಅಡ್ಡ ಬಂದವರನ್ನ ಹೊಗಳ್ತೀಯಾ? ನಾನು ಮಂಡಲ ಪಂಚಾಯ್ತಿ ಮೆಂಬರ್ ಆಗಿದ್ದೋನು!

ಮೇಷ್ಟ್ರು ಮಾವ: ಯಾವ ಕಾಯ್ದೆಲಿ ಆದ್ರಿ? ಪಂಚಾಯ್ತಿ ಮಂತ್ರಿ ನಜೀರ್ ಸಾಬ್ ಕಾಲದ ನಮ್ಮ ರಾಜ್ಯದ್ದೇ ಕಾಯ್ದೆ. ಚುನಾವಣೆ 1987ರಲ್ಲೇ ಆಗಿತ್ತು. ರಾಜ್ಯಗಳನ್ನ ಬಿಟ್ಟು ದೆಹಲಿಯೇ ನೇರವಾಗಿ ಕೈ ಹಾಕುತ್ತೆ ಅಂತ ಆಗ ವಿರೋಧ ಬಂದಿದ್ದು. 1992ರಲ್ಲಿ ಬೇರೆ ರೂಪದಲ್ಲಿ ಎರಡೂ ಸದನದಲ್ಲಿ ಪಾಸಾಯ್ತು. ಲೋಕಸಭೆಲಿ ಎಷ್ಟೇ ಬಹುಮತ ಇರಲಿ, ಹಂಗೆ ನಿಲ್ಲಿಸೋಕೆ ಇನ್ನೊಂದು ಸದನ ಬೇಕು ಭಾವ.

(ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ದೊಡ್ಡಪ್ಪ ತೋಟಕ್ಕೆ ಹೋಗಿದ್ರಂತೆ.)

ಶಿರಾ ದೊಡ್ಡಪ್ಪ: ಇರಲಿ, ಸದನ ಇಟ್ಕೊಳ್ಳಿ. ಹೆಸರೇ ರಾಜ್ಯಸಭೆ, ಹೊರಗಿನವರು ನಮ್ಮ ಸೀಟಲ್ಲಿ ಹೆಂಗೆ ಕೂರ್ತಾರೆ?

ಪುಟ್ಟಿ: ಮೊದಲು ಆ ರಾಜ್ಯದ ಮತದಾರರೇ ಆಗಿರಬೇಕಿತ್ತು. 2003ರಲ್ಲಿ ಆ ನಿಯಮ ತೆಗೆದ್ರು. 2006ರಲ್ಲಿ ಸುಪ್ರೀಂ ಕೋರ್ಟೂ ಸರಿ ಅಂತು.

ಶಿರಾ ದೊಡ್ಡಪ್ಪ: ವಾಪಸ್ ತರೋಕೂ ಸಂವಿಧಾನ ತಿದ್ದಬೇಕಾ?

ಮೇಷ್ಟ್ರು ಮಾವ: ಬೇಡ. ಪ್ರಜಾಪ್ರತಿನಿಧಿ ಕಾಯ್ದೆ ತಿದ್ದಿದ್ರೆ ಸಾಕು, ಸಾದಾ ಬಹುಮತ.

ಶಿರಾ ದೊಡ್ಡಪ್ಪ: ಪುಟ್ಟಿ, ಅದನ್ನ ಕನ್ನಡದಲ್ಲಿ ಚೆನ್ನಾಗಿ ಬರ್ದು ಕಳಿಸಮ್ಮ. ಹತ್ತು ಗುಂಪಿಗೆ ನಾನು ಹಾಕ್ತೀನಿ.

ಗುಬ್ಬಿ ಅತ್ತೆ: ಮೊದಲು ಬೆಳಗ್ಗಿನದನ್ನ ಡಿಲೀಟ್ ಮಾಡಣ್ಣ.